ದೀರ್ಘಕಾಲೀನ ಹೃದ್ರೋಗ ಮತ್ತು ಕಲಾಜೀವನ: ಕಲಾವಿದರು ಹಾಗೂ ಅವರ ಕುಟುಂಬದವರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಹೃದಯದ ಕಾಯಿಲೆ ಇದೆಯೆಂದು ವೈದ್ಯರು ತಿಳಿಸಿದ ದಿನ ಕಲಾವಿದರ ಮನೆಯಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವ ಮಾತು "ಇನ್ನು ಕುಣಿತ ಸಾಕು" ಅಥವಾ "ಇನ್ನು ಹಾಡುವುದು ಬೇಡ" ಎಂಬುದಾಗಿರುತ್ತದೆ. ಈ ಮಾತು ಅಕ್ಕರೆಯಿಂದ ಬಂದದ್ದೇ ಆದರೂ ಬಹಳಷ್ಟು ಸಂದರ್ಭಗಳಲ್ಲಿ ಅದು ವೈದ್ಯರು ನೀಡಿದ ಸಲಹೆಯಾಗಿರುವುದಿಲ್ಲ. ಇದಕ್ಕೆ ಹೆದರಿ ಕೆಲವರು ಚಿಕ್ಕಂದಿನಿಂದ ಸಾಧನೆ ಮಾಡಿದ ಕಲೆಯನ್ನು ಅನಗತ್ಯವಾಗಿ ತೊರೆಯುತ್ತಾರೆ. ಇನ್ನು ಕೆಲವರು ವೇಷ ಕೈತಪ್ಪೀತು, ಕಛೇರಿಗೆ ಕರೆ ಬಾರದೆ ಹೋದೀತು ಎಂಬ ಆತಂಕದಿಂದ ರೋಗವನ್ನೇ ಮರೆಮಾಚಿ ರಂಗವೇರುತ್ತಾರೆ. ಈ ಎರಡೂ ತಪ್ಪುಗಳಿಗೆ ಹೆಚ್ಚಾಗಿ ಕಾರಣವೊಂದೇ ಆಗಿದ್ದು, ತಾನು ಅಭ್ಯಾಸ ಮಾಡುವ ಕಲೆಯು ದೇಹದಿಂದ ನಿಖರವಾಗಿ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನು ಕಲಾವಿದರು ವೈದ್ಯರಿಗೆ ವಿವರಿಸಿರುವುದಿಲ್ಲ.

ಹೃದ್ರೋಗ ತಜ್ಞರಿಗೆ ಕವಾಟದ ಅಳತೆ ತಿಳಿದಿರುತ್ತದೆ. ಧಿಗಿಣ ಎಷ್ಟು ನಿಮಿಷ ನಡೆಯುತ್ತದೆ, ಕಿರೀಟ ಮತ್ತು ವೇಷಭೂಷಣಗಳ ತೂಕವೆಷ್ಟು, ಪಿಟೀಲನ್ನು ಎದೆಯ ಯಾವ ಭಾಗಕ್ಕೆ ಆನಿಸಿಕೊಳ್ಳಲಾಗುತ್ತದೆ ಎಂಬುದು ತಿಳಿದಿರಬೇಕೆಂದಿಲ್ಲ. ಈ ಅಂತರವನ್ನು ತುಂಬಲು ನೆರವಾಗುವುದು ಪ್ರಸ್ತುತ ಲೇಖನದ ಉದ್ದೇಶವಾಗಿರುತ್ತದೆ. ಇಲ್ಲಿ ನೀಡಲಾದ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ. ವೈದ್ಯರ ಬಳಿ ಏನನ್ನು ಕೇಳಬೇಕು, ಏನನ್ನು ಹೇಳಬೇಕು ಎಂಬುದಕ್ಕೆ ಪೂರ್ವಸಿದ್ಧತೆ ಮಾತ್ರ.

ರೋಗದ ಸ್ವರೂಪ

ನಮ್ಮ ದೇಶದಲ್ಲಿ ಯುವ ವಯಸ್ಸಿನವರಲ್ಲಿ ಕಂಡುಬರುವ ದೀರ್ಘಕಾಲೀನ ಹೃದ್ರೋಗಗಳ ಪೈಕಿ ರುಮ್ಯಾಟಿಕ್ ಹೃದ್ರೋಗವು ಇಂದಿಗೂ ಪ್ರಮುಖವಾದುದು. ಸಾಮಾನ್ಯವಾಗಿ 5ರಿಂದ 15 ವರ್ಷ ವಯಸ್ಸಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುವ ಗಂಟಲುನೋವಿಗೆ ಸರಿಯಾದ ಚಿಕಿತ್ಸೆ ದೊರೆಯದಿದ್ದಲ್ಲಿ, ಕೆಲವು ಮಕ್ಕಳಲ್ಲಿ ಕೆಲ ವಾರಗಳ ನಂತರ ಜ್ವರ ಮತ್ತು ಒಂದು ಕೀಲಿನಿಂದ ಮತ್ತೊಂದಕ್ಕೆ ಸರಿಯುವ ಊತ ಕಾಣಿಸಿಕೊಳ್ಳುತ್ತದೆ. ಜ್ವರ ಇಳಿಯುತ್ತದೆ, ಕೀಲುಗಳೂ ವಾಸಿಯಾಗುತ್ತವೆ. ಆದರೆ ಹೃದಯದ ಕವಾಟಗಳಿಗೆ, ವಿಶೇಷವಾಗಿ ಎಡಭಾಗದ ಮೈಟ್ರಲ್ ಕವಾಟಕ್ಕೆ ತಗುಲಿದ ಪೆಟ್ಟು ಹಾಗೆಯೇ ಉಳಿದು, ಹತ್ತಿಪ್ಪತ್ತು ವರ್ಷಗಳ ನಂತರ ಮೆಟ್ಟಿಲು ಹತ್ತುವಾಗ ಏದುಸಿರಿನ ರೂಪದಲ್ಲಿ ಪ್ರಕಟವಾಗುತ್ತದೆ. ಕಲಾವಿದರ ವಿಷಯದಲ್ಲಿ ಅದು ಮೊದಲು ಪ್ರಕಟವಾಗುವ ಸ್ಥಳ ರಂಗಸ್ಥಳವೇ ಆಗಿರಬಹುದು.

ಇದಲ್ಲದೆ ಹುಟ್ಟಿನಿಂದಲೇ ಇರುವ ಹೃದಯದ ರಂಧ್ರಗಳು, ಹೃದಯ ಸ್ನಾಯುವಿನ ದೌರ್ಬಲ್ಯ, ಹೃದಯ ಬಡಿತದ ಲಯ ತಪ್ಪುವ ಕಾಯಿಲೆಗಳು, ಹೃದಯಾಘಾತದ ನಂತರ ಉಳಿಯುವ ಬಲಹೀನತೆ ಇವೂ ದೀರ್ಘಕಾಲೀನ ಹೃದ್ರೋಗಗಳೇ. ಎಲ್ಲವಕ್ಕೂ ಒಂದೇ ನಿಯಮ ಅನ್ವಯಿಸುವುದಿಲ್ಲ. ಅಯೋರ್ಟಿಕ್ ಕವಾಟ ತೀವ್ರವಾಗಿ ಕಿರಿದಾಗಿ ಶ್ರಮದ ವೇಳೆ ಕಣ್ಣು ಕತ್ತಲಿಡುತ್ತಿದ್ದಲ್ಲಿ ಅಥವಾ ಹೃದಯ ಸ್ನಾಯು ಅಸಹಜವಾಗಿ ದಪ್ಪಗಾಗಿದ್ದಲ್ಲಿ, ತಜ್ಞರು ಅನುಮತಿಸುವವರೆಗೆ ಹುರುಪಿನ ಕುಣಿತವನ್ನು ನಿಲ್ಲಿಸಲೇಬೇಕಾಗುತ್ತದೆ. ಇಂತಹ ಸಂದರ್ಭಗಳಲ್ಲಿ "ಸ್ವಲ್ಪ ಮಾತ್ರ" ಎಂಬ ರಾಜಿಗೆ ಅವಕಾಶವಿಲ್ಲ.

ಕಿರಿದಾದ ಕವಾಟ ಮತ್ತು ಏರುವ ಲಯ

ಕಿರಿದಾದ ಮೈಟ್ರಲ್ ಕವಾಟವುಳ್ಳ ಕಲಾವಿದರು ದಿನನಿತ್ಯದ ಕೆಲಸಗಳನ್ನು ಸುಲಭವಾಗಿ ಮಾಡುತ್ತಿದ್ದರೂ ರಂಗದ ಮೇಲೆ ಏಕೆ ಬಳಲುತ್ತಾರೆ ಎಂಬುದನ್ನು ಅರಿತರೆ ಮುಂದಿನ ಸೂಚನೆಗಳು ತಾವಾಗಿಯೇ ಅರ್ಥವಾಗುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಈ ಕವಾಟದ ದ್ವಾರವು 4ರಿಂದ 6 ಚದರ ಸೆಂಟಿಮೀಟರ್‌ನಷ್ಟು ತೆರೆದುಕೊಳ್ಳುತ್ತದೆ. ಅದು 1.5 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಾದಲ್ಲಿ ಕಾಯಿಲೆ ತೀವ್ರವಾಗಿದೆಯೆಂದು ಪರಿಗಣಿಸಲಾಗುತ್ತದೆ. ಎಡ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ರಕ್ತ ಇಳಿಯಬೇಕಾದದ್ದು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಹೃದಯವು ನಿಮಿಷಕ್ಕೆ 70 ಬಾರಿ ಬಡಿಯುವಾಗ ಒಂದು ಬಡಿತಕ್ಕೆ ಸುಮಾರು 0.85 ಸೆಕೆಂಡು ದೊರೆಯುತ್ತದೆ. 140 ಬಾರಿ ಬಡಿಯುವಾಗ ಅದರ ಅರ್ಧದಷ್ಟು ಮಾತ್ರ. ಹೀಗೆ ಕಡಿತಗೊಳ್ಳುವ ಕಾಲದ ಬಹುಪಾಲು ವಿರಾಮದ ಅವಧಿಯಿಂದಲೇ ಹೋಗುತ್ತದೆ. ದ್ವಾರವೂ ಕಿರಿದು, ಕಾಲವೂ ಕಡಿಮೆ ಎಂದಾಗ ರಕ್ತವು ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ಒತ್ತಡ ಹೆಚ್ಚುತ್ತದೆ, ಉಸಿರು ಕಟ್ಟುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಿಧಾನವಾದ ದೀರ್ಘ ಶ್ರಮಕ್ಕಿಂತ ಹಠಾತ್ತಾಗಿ ಬಡಿತವನ್ನು ಏರಿಸುವ ಶ್ರಮವೇ ಇಂತಹವರಿಗೆ ಹೆಚ್ಚು ಹಾನಿಕರ. ರಾಜಗಾಂಭೀರ್ಯದ ಪಾತ್ರವನ್ನು ಅರ್ಥಗಾರಿಕೆಯ ಬಲದಿಂದ ಒಂದು ಗಂಟೆ ನಿರ್ವಹಿಸುವುದು ಸಾಧ್ಯವಿರುವ ವ್ಯಕ್ತಿಗೆ ಐದು ನಿಮಿಷಗಳ ಧಿಗಿಣ ಅಸಾಧ್ಯವಾಗಿರಬಹುದು. ಪಾತ್ರ ಹಂಚುವ ಭಾಗವತರಿಗೆ ಮತ್ತು ನಿರ್ದೇಶಕರಿಗೆ ಇದು ತಿಳಿದಿರಬೇಕು. ಎರಡನೆಯದಾಗಿ, ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್ ಮುಂತಾದ ಮಾತ್ರೆಗಳನ್ನು ಪ್ರದರ್ಶನದ ದಿನ "ಮೈ ಜಡವಾಗುತ್ತದೆ" ಎಂದು ಬಿಡುವುದು, ಅವು ಅತ್ಯಂತ ಅಗತ್ಯವಿರುವ ದಿನದಂದೇ ಬಿಟ್ಟಂತಾಗುತ್ತದೆ. ಇವುಗಳನ್ನು ದಿಢೀರನೆ ನಿಲ್ಲಿಸುವುದೇ ಅಪಾಯಕಾರಿ. ಜಡತ್ವ ನಿಜವಾಗಿಯೂ ಇದ್ದಲ್ಲಿ ಪ್ರಮಾಣವನ್ನೋ ಸಮಯವನ್ನೋ ಬದಲಿಸಲು ವೈದ್ಯರಿಗೆ ಸಾಧ್ಯವಿದೆ.

ಗಾಯಕರು ಮತ್ತು ಧ್ವನಿ

ಗಾಯಕರು, ಭಾಗವತರು, ಹರಿಕಥಾ ವಿದ್ವಾಂಸರು ಹಾಗೂ ನಟರಿಗೆ ಸಂಬಂಧಿಸಿದಂತೆ ಮೂರು ವಿಷಯಗಳು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹೃದಯ ದೌರ್ಬಲ್ಯ ಮತ್ತು ರಕ್ತದೊತ್ತಡಕ್ಕೆ ನೀಡಲಾಗುವ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಬಿಡದ ಒಣಕೆಮ್ಮನ್ನು ಉಂಟುಮಾಡುತ್ತವೆ. ಗುಮಾಸ್ತರೊಬ್ಬರಿಗೆ ಇದು ಕಿರಿಕಿರಿ ಮಾತ್ರ. ಗಾಯಕರಿಗೆ ಜೀವನೋಪಾಯದ ಪ್ರಶ್ನೆ. ಕೆಮ್ಮು ಗಂಟಲಿನದ್ದೆಂದು ಭಾವಿಸಿ ತಿಂಗಳುಗಟ್ಟಲೆ ಕಷಾಯ, ಜೇಷ್ಠಮಧು ಸೇವಿಸುತ್ತಾ ಕಾರ್ಯಕ್ರಮಗಳನ್ನು ರದ್ದುಪಡಿಸುವ ಬದಲು ವೈದ್ಯರಿಗೆ ತಿಳಿಸಿದಲ್ಲಿ, ಲೊಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸುವ ಕುರಿತು ಅವರು ತೀರ್ಮಾನಿಸುತ್ತಾರೆ. ತಾವು ಗಾಯಕರೆಂದು ಮೊದಲ ಭೇಟಿಯಲ್ಲಿಯೇ ಹೇಳುವುದು ಇನ್ನೂ ಉತ್ತಮ.

ಎರಡನೆಯದು ಧ್ವನಿ ಒಡೆಯುವುದು. ಧ್ವನಿಪೆಟ್ಟಿಗೆಯ ಎಡಭಾಗಕ್ಕೆ ಹೋಗುವ ನರವು ಎದೆಯೊಳಗೆ ಇಳಿದು ಮಹಾಪಧಮನಿಯ ಕೆಳಗೆ ಸುತ್ತಿ ಮೇಲೇರುತ್ತದೆ. ಮೈಟ್ರಲ್ ಕವಾಟದ ಕಾಯಿಲೆಯಿಂದ ಹೃತ್ಕರ್ಣ ಮತ್ತು ಶ್ವಾಸಕೋಶದ ರಕ್ತನಾಳ ಹಿಗ್ಗಿದಾಗ ಈ ನರ ಅದುಮಲ್ಪಟ್ಟು ಧ್ವನಿ ಗೊಗ್ಗರಾಗಬಹುದೆಂಬುದನ್ನು ಆರ್ಟ್ನರ್ ಎಂಬ ವೈದ್ಯರು 1897ರಷ್ಟು ಹಿಂದೆಯೇ ವಿವರಿಸಿದ್ದಾರೆ. ಇದು ವಿರಳವಾದುದು. ಆದರೂ ಕವಾಟದ ಕಾಯಿಲೆ ಇರುವ ಗಾಯಕರ ಧ್ವನಿ ಕೆಲ ವಾರಗಳ ಕಾಲ ಗೊಗ್ಗರಾಗಿಯೇ ಉಳಿದಲ್ಲಿ ಗಂಟಲು ತಜ್ಞರ ಜೊತೆಗೆ ಹೃದಯ ತಜ್ಞರನ್ನೂ ಕಾಣತಕ್ಕದ್ದು.

ಮೂರನೆಯದಾಗಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ಉಸಿರಾಟದ ನಳಿಕೆಯನ್ನು ಧ್ವನಿತಂತುಗಳ ನಡುವಿನಿಂದ ಇಳಿಸಲಾಗುತ್ತದೆ. ಆ ನಂತರ ಕೆಲಕಾಲ ಧ್ವನಿ ಒರಟಾಗಿರುವುದು ಸಾಮಾನ್ಯ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ತಮ್ಮ ವೃತ್ತಿಯನ್ನು ತಿಳಿಸಬೇಕು. ನಂತರ ಅವಸರದಿಂದ ತಾರಸ್ಥಾಯಿಯ ಸಾಧನೆಗೆ ತೊಡಗಬಾರದು.

ನಾದಸ್ವರ, ಶಹನಾಯಿ, ಕೊಂಬು, ಕಹಳೆ ಊದುವವರ ಸ್ಥಿತಿ ಭಿನ್ನವಾದುದು. ಬಿಗಿಹಿಡಿದ ಉಸಿರನ್ನು ಒತ್ತಿ ಊದುವಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಊದುವುದು ನಿಂತಾಗ ಒಮ್ಮೆಲೇ ಹೆಚ್ಚುತ್ತದೆ. ದೀರ್ಘ ಊದಿನ ನಂತರ ತಲೆಸುತ್ತು ಬರುತ್ತಿದ್ದಲ್ಲಿ ಅದನ್ನು ಉಪವಾಸದ ನಿಶ್ಶಕ್ತಿಯೆಂದು ತಳ್ಳಿಹಾಕಬಾರದು. ಸಾಧ್ಯವಾದಲ್ಲಿ ವಾದ್ಯವನ್ನೇ ಆಸ್ಪತ್ರೆಗೆ ಕೊಂಡೊಯ್ದು ತೋರಿಸುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ.

ಇತಿಹಾಸದ ಎರಡು ನಿದರ್ಶನಗಳು

ಆಸ್ಟ್ರಿಯಾದ ಸುಪ್ರಸಿದ್ಧ ಸಂಗೀತ ರಚನಕಾರ ಗುಸ್ತಾವ್ ಮಾಹ್ಲರ್ ಅವರಿಗೆ ಕವಾಟದ ಕಾಯಿಲೆ ಇದೆಯೆಂದು 1907ರಲ್ಲಿ ತಿಳಿದುಬಂದಾಗ ಅವರ ವಯಸ್ಸು 47. ಅದೇ ಬೇಸಿಗೆಯಲ್ಲಿ ಹಿರಿಯ ಮಗಳನ್ನು ಕಳೆದುಕೊಂಡಿದ್ದ ಅವರಿಗೆ ಇದು ಎರಡನೆಯ ಆಘಾತ. ಬೆಟ್ಟಗುಡ್ಡಗಳಲ್ಲಿ ಬಿರುಸಾಗಿ ನಡೆಯುತ್ತಾ, ಈಜುತ್ತಾ, ಆ ಚಲನೆಯಲ್ಲಿಯೇ ರಾಗಗಳನ್ನು ಕಂಡುಕೊಳ್ಳುವುದು ಅವರ ರೂಢಿಯಾಗಿತ್ತು. ಅಂದಿನ ವೈದ್ಯರು ಶ್ರಮವನ್ನೆಲ್ಲ ನಿಷೇಧಿಸಿದರು. ಹೆಜ್ಜೆ ಎಣಿಸಿ ನಡೆಯಬೇಕಾಗಿ ಬಂದದ್ದರಿಂದ ಬರೆಯುವ ವಿಧಾನವನ್ನೇ ಹೊಸದಾಗಿ ಕಲಿಯಬೇಕಾಯಿತೆಂದು ಅವರು 1908ರಲ್ಲಿ ಮಿತ್ರ ಬ್ರೂನೋ ವಾಲ್ಟರ್ ಅವರಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಹಾಗೆ ಕಲಿತ ನಂತರದ ಬೇಸಿಗೆಗಳಲ್ಲಿಯೇ 'ಭೂಮಿಯ ಹಾಡು' ಎಂಬ ಅರ್ಥದ ಹೆಸರಿನ ಗೀತ-ಸಿಂಫನಿ ಮತ್ತು ಒಂಬತ್ತನೆಯ ಸಿಂಫನಿ ಪೂರ್ಣಗೊಂಡವು. ಆದರೆ 1911ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜ್ವರವಿದ್ದಾಗಲೇ ಅವರು ಕಛೇರಿ ನಡೆಸಿದರು. ಕೆಟ್ಟ ಕವಾಟಕ್ಕೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿರುವುದು ರಕ್ತ ಪರೀಕ್ಷೆಯಿಂದ ಖಚಿತವಾಯಿತು. ಪೆನಿಸಿಲಿನ್ ಇನ್ನೂ ಪತ್ತೆಯಾಗಿರದ ಕಾಲವಾದ್ದರಿಂದ ಚಿಕಿತ್ಸೆ ಇರಲಿಲ್ಲ. 1911ರ ಮೇ 18ರಂದು ಅವರು ನಿಧನರಾದರು.

ಈ ನಿದರ್ಶನವನ್ನು ಇಲ್ಲಿ ನೀಡಿರುವುದಕ್ಕೆ ಕಾರಣವಿದೆ. ಕವಾಟದ ದೋಷವಿರುವವರಿಗೆ ಬರುವ, ಕಾರಣ ತಿಳಿಯದ, ಕೆಲ ದಿನಗಳವರೆಗೆ ಇಳಿಯದ ಜ್ವರವು ಇಂದಿಗೂ ತುರ್ತು ಸ್ಥಿತಿಯೇ ಆಗಿರುತ್ತದೆ. ಔಷಧ ಅಂಗಡಿಯಿಂದ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗಿ ಅಂದಿನ ಪ್ರದರ್ಶನ ಮುಗಿಸುವುದು ಸರಿಯಲ್ಲ. ಹಾಗೆ ಮಾಡಿದಲ್ಲಿ ರಕ್ತದಲ್ಲಿನ ರೋಗಾಣುವನ್ನು ಪರೀಕ್ಷೆಯಲ್ಲಿ ಗುರುತಿಸುವುದೂ ಕಷ್ಟವಾಗುತ್ತದೆ. ರೋಗಾಣುಗಳು ರಕ್ತಕ್ಕೆ ಸೇರುವ ಮುಖ್ಯ ಹಾದಿ ಬಾಯಿ. ಆದುದರಿಂದ ಹಲ್ಲು ಮತ್ತು ವಸಡಿನ ಶುಚಿತ್ವಕ್ಕೆ ವಿಶೇಷ ಗಮನ ನೀಡತಕ್ಕದ್ದು. ರಾತ್ರಿಯೆಲ್ಲ ಎಚ್ಚರವಿರಲು ಚೌಕಿಯಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು ಜಗಿಯುವ ರೂಢಿ ಇರುವವರು ಅದನ್ನು ಬಿಡಬೇಕು. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಹೃದಯದ ವಿಷಯ ಹೇಳಬೇಕು.

ಎರಡನೆಯ ನಿದರ್ಶನ ಎಲ್ಲರೂ ಬಲ್ಲ ನಟಿ ಮಧುಬಾಲಾ ಅವರದು. 1933ರಲ್ಲಿ ದೆಹಲಿಯಲ್ಲಿ ಜನಿಸಿ ಬಾಲನಟಿಯಾಗಿ ಚಿತ್ರರಂಗಕ್ಕೆ ಬಂದ ಅವರ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ರಂಧ್ರವಿತ್ತು. 1954ರಲ್ಲಿ ಮದರಾಸಿನಲ್ಲಿ ಚಿತ್ರೀಕರಣದ ವೇಳೆ ಅವರು ರಕ್ತ ಕಾರಿದ ನಂತರವೂ ವಿಷಯವನ್ನು ಗುಟ್ಟಾಗಿಯೇ ಇರಿಸಲಾಯಿತು. ವರ್ಷಗಟ್ಟಲೆ ತಯಾರಾದ 'ಮೊಘಲ್-ಎ-ಆಜಮ್' ಚಿತ್ರದ ಸೆರೆಮನೆಯ ದೃಶ್ಯಗಳಲ್ಲಿ ಭಾರವಾದ ಸರಪಳಿಗಳನ್ನು ಹೊತ್ತು ಅವರು ಅಭಿನಯಿಸಿದರು. 1960ರಲ್ಲಿ ಆ ಚಿತ್ರ ಬಿಡುಗಡೆಯಾಯಿತು. ಅದೇ ವರ್ಷ ಲಂಡನ್ನಿನ ವೈದ್ಯರು ಶಸ್ತ್ರಚಿಕಿತ್ಸೆಗೆ ಕಾಲ ಮೀರಿದೆಯೆಂಬ ಅಭಿಪ್ರಾಯಕ್ಕೆ ಬಂದರು. 1969ರ ಫೆಬ್ರವರಿ 23ರಂದು, 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಮದರಾಸಿನಲ್ಲಿ ಅಸ್ವಸ್ಥರಾದ 1954ರಲ್ಲಿಯೇ, ಮಾರ್ಚ್ 26ರಂದು, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಅವರು ಇಂತಹದೇ ರಂಧ್ರವನ್ನು, ತಂದೆಯ ರಕ್ತಪರಿಚಲನೆಗೆ ಮಗುವಿನದನ್ನು ಜೋಡಿಸಿ, ಪ್ರಥಮ ಬಾರಿಗೆ ಮುಚ್ಚಿದ್ದರು. ಒಂದು ತಲೆಮಾರು ತಡವಾಗಿ ಹುಟ್ಟಿದ್ದಲ್ಲಿ ಆ ನಟಿಯ ರಂಧ್ರವೂ ಬಾಲ್ಯದಲ್ಲಿಯೇ ಮುಚ್ಚಲ್ಪಡುವ ಸಾಧ್ಯತೆ ಇತ್ತು. ಇಂದು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ತಪಾಸಣೆಯಲ್ಲಿ ಜನ್ಮಜಾತ ಹೃದಯ ದೋಷ ಹಾಗೂ ರುಮ್ಯಾಟಿಕ್ ಹೃದ್ರೋಗ ಎರಡೂ ಸೇರಿವೆ. ಹಾಡು, ಕುಣಿತ ಕಲಿಯುವ ಮಗು ಬೇಗನೆ ದಣಿಯುತ್ತಿದ್ದಲ್ಲಿ ಅದನ್ನು ಸೋಮಾರಿತನವೆಂದು ಗದರಿಸುವ ಮುನ್ನ ಗುರುಗಳು ಈ ತಪಾಸಣೆ ಮಾಡಿಸುವಂತೆ ಪೋಷಕರಿಗೆ ತಿಳಿಸುವುದು ಒಳಿತು.

ಕವಾಟದ ಚಿಕಿತ್ಸೆಯೂ ಹಾಗೆಯೇ ಬದಲಾಗಿದೆ. ಕಿರಿದಾದ ಮೈಟ್ರಲ್ ಕವಾಟವನ್ನು ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳುಹಿಸಿ ಅಗಲಿಸುವ ವಿಧಾನವನ್ನು ಜಪಾನಿನ ಡಾ. ಕಾಂಜಿ ಇನೌಯೆ 1980ರ ದಶಕದಲ್ಲಿ ರೂಪಿಸಿದರು. ಎದೆ ತೆರೆಯದೆ ನಡೆಯುವ ಈ ಚಿಕಿತ್ಸೆ ನಮ್ಮ ರಾಜ್ಯದ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದೊರೆಯುತ್ತದೆ. ಬದಲಿ ಕವಾಟಗಳ ಪೈಕಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಅಭಿವೃದ್ಧಿಪಡಿಸಿದ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು.

ಚಿಕಿತ್ಸೆಗೆ ಮುನ್ನ ಹೇಳಬೇಕಾದ ವಿಷಯಗಳು

ಬದಲಿ ಕವಾಟಗಳಲ್ಲಿ ಲೋಹ-ಕಾರ್ಬನ್‌ನಿಂದ ಮಾಡಿದ ಯಾಂತ್ರಿಕ ಕವಾಟ ಮತ್ತು ಪ್ರಾಣಿಜನ್ಯ ಅಂಗಾಂಶದ ಕವಾಟ ಎಂಬ ಎರಡು ಬಗೆಗಳಿವೆ. ಯಾಂತ್ರಿಕ ಕವಾಟ ದೀರ್ಘಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಈ ಮಾತ್ರೆ ಜೀವನಪರ್ಯಂತ ಬೇಕಿಲ್ಲ, ಆದರೆ ಅದು ಸವೆದು ಮತ್ತೊಮ್ಮೆ ಬದಲಾಯಿಸಬೇಕಾಗಿ ಬರುತ್ತದೆ. ಕಿರಿಯ ವಯಸ್ಸಿನವರಲ್ಲಿ ಸವೆತ ಬೇಗ. ಪ್ರತಿದಿನ ಉಳಿ ಸುತ್ತಿಗೆ ಹಿಡಿಯುವ ಶಿವಾರಪಟ್ಟಣದ ಶಿಲ್ಪಿಗೂ, ಮಾತ್ರ ಹಾಡುವ ಗಾಯಕರಿಗೂ ರಕ್ತಸ್ರಾವದ ಅಪಾಯ ಒಂದೇ ಆಗಿರುವುದಿಲ್ಲ. ತಾಯಿಯಾಗಬಯಸುವ ಮಹಿಳೆಯರಿಗೆ ಈ ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮವಾದುದು, ಗರ್ಭ ಧರಿಸುವ ಮೊದಲೇ ತಜ್ಞರೊಡನೆ ಚರ್ಚಿಸತಕ್ಕದ್ದು. ಕವಾಟದ ಆಯ್ಕೆಯ ಮಾತುಕತೆಯಲ್ಲಿ ಕಲಾವಿದರ ವೃತ್ತಿಯೂ ಒಂದು ಅಂಶವಾಗಬೇಕೆಂದು ಕೇಳುವ ಹಕ್ಕು ರೋಗಿಗೆ ಇದೆ. ಯಾಂತ್ರಿಕ ಕವಾಟವು ಮುಚ್ಚುವಾಗ ಗಡಿಯಾರದಂತಹ ಸಣ್ಣ ಸದ್ದು ಮಾಡುತ್ತದೆ. ನಿಶ್ಶಬ್ದವಾದ ಧ್ವನಿಮುದ್ರಣ ಕೊಠಡಿಯಲ್ಲಿ ಅದು ಮೈಕಿಗೆ ಕೇಳಿಸಲೂಬಹುದು. ಮುದ್ರಣಕಾರರಿಗೆ ಮೊದಲೇ ತಿಳಿಸಿದರೆ ಗೊಂದಲವಿರುವುದಿಲ್ಲ.

ಪೇಸ್‌ಮೇಕರ್ ಅಳವಡಿಸುವಾಗ ಅದನ್ನು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ ಚರ್ಮದಡಿ ಇರಿಸಲಾಗುತ್ತದೆ. ಕರ್ನಾಟಕ ಸಂಗೀತದ ಪಿಟೀಲು ವಾದಕರು ವಾದ್ಯವನ್ನು ಆನಿಸಿಕೊಳ್ಳುವುದು ಬಹುಮಟ್ಟಿಗೆ ಅಲ್ಲಿಯೇ. ಡೊಳ್ಳು, ಚೆಂಡೆಯ ಪಟ್ಟಿ ಹಾದುಹೋಗುವುದೂ ಹೆಗಲಿನ ಮೇಲೆಯೇ. ಮುಂಚಿತವಾಗಿ ತಿಳಿಸಿದಲ್ಲಿ ಬಲಭಾಗದಲ್ಲಿ ಅಳವಡಿಸುವ ಬಗ್ಗೆ ವೈದ್ಯರು ಆಲೋಚಿಸಬಹುದು. ಅಳವಡಿಸಿದ ನಂತರ ಹೇಳಿದರೆ ಪ್ರಯೋಜನ ಅಲ್ಪ. ಧ್ವನಿವರ್ಧಕ ಮುಂತಾದ ಬಲವಾದ ಅಯಸ್ಕಾಂತವುಳ್ಳ ಉಪಕರಣಗಳನ್ನು ಹಾಗೂ ಮೊಬೈಲ್ ದೂರವಾಣಿಯನ್ನು ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಿಸತಕ್ಕದ್ದು. ಹೆಡ್‌ಫೋನನ್ನು ಕೊರಳಿನಿಂದ ಎದೆಯ ಮೇಲೆ ಇಳಿಬಿಡಬಾರದು.

ಎದೆಯ ಮಧ್ಯದ ಮೂಳೆಯನ್ನು ಸೀಳಿ ನಡೆಸಿದ ಶಸ್ತ್ರಚಿಕಿತ್ಸೆಯ ನಂತರ ಮೂಳೆ ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಮೃದಂಗ, ವೀಣೆಗಳನ್ನು ಎತ್ತುವುದು, ತೋಳನ್ನು ಬಲವಾಗಿ ಬೀಸುವ ಅಡವುಗಳು ಸಲ್ಲವು. ಕುಳಿತು ತಾಳ ಹಾಕುವುದಕ್ಕೆ, ಮನೋಧರ್ಮದ ಅಭ್ಯಾಸಕ್ಕೆ, ಹೊಸ ಪ್ರಸಂಗದ ಪದ್ಯ ಬರೆಯುವುದಕ್ಕೆ ಅಡ್ಡಿಯಿಲ್ಲ.

ತಿರುಗಾಟ ಮತ್ತು ಔಷಧ

ಚಿಕಿತ್ಸೆ ಎಷ್ಟೇ ಉತ್ತಮವಾಗಿದ್ದರೂ ಅದು ವಿಫಲವಾಗುವುದು ಹೆಚ್ಚಾಗಿ ಪ್ರಯಾಣದಲ್ಲಿ. ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಹೊರಟು ಪತ್ತನಾಜೆಯವರೆಗೆ ಊರಿಂದೂರಿಗೆ ತಿರುಗುತ್ತವೆ. ವೃತ್ತಿ ನಾಟಕ ಕಂಪನಿಗಳು ಬಾದಾಮಿಯ ಬನಶಂಕರಿ ಜಾತ್ರೆಯಂತಹ ಸಂದರ್ಭಗಳಲ್ಲಿ ದಿನಕ್ಕೆ ಹಲವು ಪ್ರದರ್ಶನಗಳನ್ನು ನೀಡುತ್ತವೆ. ನಿದ್ರೆ ಹಗಲಿಗೆ, ಊಟ ಅತಿಥೇಯರ ಮನೆಗೆ, ಮಾತ್ರೆ ಮರೆವಿಗೆ ಸಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿ ಪ್ರದರ್ಶನಗಳು ಹೆಚ್ಚಿರುವುದು ಪರಂಪರೆಯ ದೃಷ್ಟಿಯಿಂದ ಚರ್ಚಾಸ್ಪದವಿರಬಹುದು; ಹೃದ್ರೋಗವುಳ್ಳ ಕಲಾವಿದರಿಗಂತೂ ಅದು ಅನುಕೂಲವೇ ಆಗಿದೆ.

ರುಮ್ಯಾಟಿಕ್ ಹೃದ್ರೋಗಿಗಳು ಮರುಕಳಿಕೆ ತಡೆಯಲು ಮೂರರಿಂದ ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಪಡೆಯಬೇಕಾಗುತ್ತದೆ. ವಯಸ್ಕರಿಗೆ ಇದರ ಪ್ರಮಾಣ 12 ಲಕ್ಷ ಯೂನಿಟ್. ಕವಾಟದ ದೋಷ ಉಳಿದವರಿಗೆ 40 ವರ್ಷ ವಯಸ್ಸಿನವರೆಗೆ, ಕೆಲವರಿಗೆ ಜೀವನಪರ್ಯಂತ ಇದು ಅಗತ್ಯ. ಪ್ರತಿ ಬಾರಿಯೂ ತಮ್ಮ ಊರಿನ ಆಸ್ಪತ್ರೆಗೇ ಹಿಂದಿರುಗಬೇಕೆಂದು ಭಾವಿಸಿ ಹಲವರು ಅವಧಿ ತಪ್ಪಿಸುತ್ತಾರೆ. ವೈದ್ಯರ ಚೀಟಿ ಮತ್ತು ಹಿಂದಿನ ದಿನಾಂಕಗಳ ದಾಖಲೆ ಜೊತೆಗಿದ್ದಲ್ಲಿ ಮೇಳ ಬೀಡುಬಿಟ್ಟಿರುವ ಸ್ಥಳದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಪಡೆಯಲು ಪ್ರಯತ್ನಿಸಬಹುದು. ರಕ್ತ ಹೆಪ್ಪುಗಟ್ಟದ ಮಾತ್ರೆ ಸೇವಿಸುತ್ತಿರುವವರು ಚುಚ್ಚುಮದ್ದಿಗೆ ಮುನ್ನ ಆ ವಿಷಯವನ್ನು ಶುಶ್ರೂಷಕರಿಗೆ ತಿಳಿಸಬೇಕು.

ವಾರ್ಫರಿನ್, ಅಸಿನೊಕೌಮರಾಲ್ ಮಾತ್ರೆಗಳ ಪ್ರಮಾಣವನ್ನು ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯಿಂದ ನಿರ್ಧರಿಸಲಾಗುತ್ತದೆ. ಯಾಂತ್ರಿಕ ಮೈಟ್ರಲ್ ಕವಾಟವಿರುವವರಲ್ಲಿ ಇದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು, ಹೆಚ್ಚಾದರೆ ರಕ್ತಸ್ರಾವ ಸಂಭವಿಸಬಹುದು. ಸೊಪ್ಪುಗಳು ಈ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತವೆ. ಆದ್ದರಿಂದ ಸೊಪ್ಪು ವರ್ಜ್ಯವೆಂಬ ತಪ್ಪು ತಿಳಿವಳಿಕೆ ಪ್ರಚಲಿತದಲ್ಲಿದೆ. ಮನೆಯಲ್ಲಿದ್ದಾಗ ವಾರವಿಡೀ ನುಗ್ಗೆ, ಮೆಂತ್ಯ, ಬಸಳೆ ತಿಂದು ತಿರುಗಾಟದಲ್ಲಿ ಸೊಪ್ಪೇ ಇಲ್ಲದ ಊಟಕ್ಕೆ ಬದಲಾಗುವುದು ನಿಜವಾದ ತೊಂದರೆ. ಪ್ರಮಾಣ ಸರಿಸುಮಾರು ಒಂದೇ ಆಗಿರಲಿ. ಕುಣಿದು ಮಂಡಿ ನೋವು ಬಂದಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ಸೇವಿಸುವುದು ಅತ್ಯಂತ ಅಪಾಯಕಾರಿ. ಇವು ರಕ್ತಸ್ರಾವದ ಸಂಭವವನ್ನು ಹೆಚ್ಚಿಸುವುದಲ್ಲದೆ ಹೃದಯ ದೌರ್ಬಲ್ಯವನ್ನೂ ಉಲ್ಬಣಗೊಳಿಸುತ್ತವೆ. ಚೌಕಿಯಲ್ಲಿ ಸಹಕಲಾವಿದರು ಕೊಡುವ ನೋವಿನ ಮಾತ್ರೆಯನ್ನು ಹೆಸರು ತಿಳಿಯದೆ ನುಂಗಬಾರದು. ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯೆಂದು ಕೇಳಿ ತಾವೇ ಬದಲಾಯಿಸುವುದೂ ಸರಿಯಲ್ಲ. ಯಾಂತ್ರಿಕ ಕವಾಟಕ್ಕೆ ಅವು ಒಗ್ಗುವುದಿಲ್ಲ. ಲಯ ತಪ್ಪಿದ ರುಮ್ಯಾಟಿಕ್ ಹೃದ್ರೋಗಿಗಳಲ್ಲಿ ಹಳೆಯ ಗುಂಪಿನ ಮಾತ್ರೆಗಳೇ ಮೇಲೆಂದು 2022ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ ತೋರಿಸಿದೆ.

ಮೂತ್ರ ಹೆಚ್ಚಿಸುವ ಮಾತ್ರೆಯ ಕುರಿತು ಕಲಾವಿದರು ಕೇಳಲು ನಾಚುತ್ತಾರೆ. ಮೂರು ಗಂಟೆ ಎದ್ದೇಳದೆ ಕುಳಿತು ಮೃದಂಗ ನುಡಿಸಬೇಕಾದವರು, ಬಿಚ್ಚಲು ಅರ್ಧ ಗಂಟೆ ಹಿಡಿಯುವ ವೇಷ ತೊಟ್ಟವರು ಅಂದಿನ ಮಾತ್ರೆಯನ್ನೇ ಬಿಟ್ಟುಬಿಡುವುದು ಈ ಕಾರಣಕ್ಕೆ. ಮಾತ್ರೆ ನುಂಗುವ ಹೊತ್ತನ್ನು ಹಿಂದಕ್ಕೋ ಮುಂದಕ್ಕೋ ಸರಿಸಲು ವೈದ್ಯರು ಹೇಳಬಲ್ಲರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸಬೇಕು. ಮೂರು ದಿನಗಳಲ್ಲಿ ದೇಹದ ತೂಕ 2 ಕಿಲೋಗ್ರಾಂಗಿಂತ ಹೆಚ್ಚಾದಲ್ಲಿ ದೇಹದಲ್ಲಿ ನೀರು ನಿಲ್ಲುತ್ತಿದೆಯೆಂದು ಅರಿತು ವೈದ್ಯರನ್ನು ಕಾಣತಕ್ಕದ್ದು. ಗೆಜ್ಜೆ ಕಟ್ಟುವಾಗ ಕಾಲಿನ ಪಟ್ಟಿ ಎಂದಿಗಿಂತ ಬಿಗಿಯೆನಿಸುವುದೂ ಇದೇ ಸೂಚನೆಯಾಗಿರಬಹುದು.

ಹಣಕಾಸಿನ ವ್ಯವಸ್ಥೆ

ಬಹುತೇಕ ಕಲಾವಿದರ ಆದಾಯ ಋತುಮಾನದ್ದು, ಔಷಧದ ವೆಚ್ಚ ಮಾತ್ರ ಪ್ರತಿ ತಿಂಗಳಿನದು. ಮಳೆಗಾಲದಲ್ಲಿ ಪ್ರದರ್ಶನಗಳಿಲ್ಲದಾಗ ಮಾತ್ರೆ ನಿಲ್ಲುವುದು ಇದರಿಂದಲೇ. ತಿರುಗಾಟದ ತಿಂಗಳುಗಳಲ್ಲಿಯೇ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳ ಔಷಧ ಹಾಗೂ ಪರೀಕ್ಷೆಗಳ ವೆಚ್ಚವನ್ನು ಲೆಕ್ಕಹಾಕಿ, ಆ ಮೊತ್ತವನ್ನು ಮನೆಖರ್ಚಿನೊಡನೆ ಬೆರೆಸದೆ ಪ್ರತ್ಯೇಕ ಉಳಿತಾಯ ಖಾತೆಯಲ್ಲಿಡುವುದು ಸೂಕ್ತ. ಮೇಲೆ ಹೇಳಿದ ಬಹುತೇಕ ಮಾತ್ರೆಗಳು ಹಳೆಯ, ಅಗ್ಗದ ಔಷಧಗಳು. ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಿದರೆ ಇನ್ನೂ ಕಡಿಮೆ ಬೆಲೆಗೆ ದೊರೆಯುವ ಸಾಧ್ಯತೆ ಇದೆ.

ಶಸ್ತ್ರಚಿಕಿತ್ಸೆ ಹಾಗೂ ಬಲೂನ್ ಚಿಕಿತ್ಸೆಯಂತಹ ದೊಡ್ಡ ವೆಚ್ಚಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಆದ್ಯತಾ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ ಮತ್ತು ಆಧಾರ್ ಸಂಖ್ಯೆಯನ್ನು ತಿರುಗಾಟದಲ್ಲಿಯೂ ಜೊತೆಯಲ್ಲಿ ಇರಿಸಿಕೊಳ್ಳಬೇಕು. ಖಾಸಗಿ ಆರೋಗ್ಯ ವಿಮೆ ಮಾಡಿಸುವವರು ಅರ್ಜಿಯಲ್ಲಿ ಹೃದ್ರೋಗವನ್ನು ತಪ್ಪದೆ ನಮೂದಿಸತಕ್ಕದ್ದು. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷಗಳಿಂದ ಮೂರು ವರ್ಷಗಳಿಗೆ ಇಳಿಸಲಾಗಿದೆ. ಮುಚ್ಚಿಟ್ಟಲ್ಲಿ ಕಂತು ಕಟ್ಟಿಯೂ ಪರಿಹಾರ ಸಿಗದೆ ಹೋಗಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಹೃದ್ರೋಗ ಸೇರಿಲ್ಲವಾದ್ದರಿಂದ ಆ ಕಾರಣವೊಂದಕ್ಕೇ ವಿಕಲಚೇತನರ ಗುರುತಿನ ಚೀಟಿ ದೊರೆಯುವುದಿಲ್ಲ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡಿ ಮೋಸಹೋಗಬಾರದು. ಕಷ್ಟ ಪರಿಸ್ಥಿತಿಯಲ್ಲಿರುವ ಹಿರಿಯ ಕಲಾವಿದರ ಮಾಸಾಶನದ ಬಗ್ಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

ತಂಡಕ್ಕೆ ತಿಳಿಸುವುದು ಮತ್ತು ತುರ್ತು ಸಂದರ್ಭ

ರೋಗದ ವಿಷಯವನ್ನು ಊರಿಗೆಲ್ಲ ಸಾರಬೇಕಾದ್ದಿಲ್ಲ. ಆದರೆ ಮೇಳದ ಯಜಮಾನರು ಅಥವಾ ವ್ಯವಸ್ಥಾಪಕರು, ಭಾಗವತರು ಅಥವಾ ನಿರ್ದೇಶಕರು, ಮತ್ತು ಚೌಕಿಯಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು, ಹೀಗೆ ಕನಿಷ್ಠ ಮೂವರಿಗೆ ತಿಳಿದಿರಬೇಕು. ಬರಿಮಾತಿನಲ್ಲಿ "ಹೃದಯದ ತೊಂದರೆಯಿದೆ" ಎಂದರೆ ಕೇಳಿದವರು ಹೆದರಿ ಪಾತ್ರ ತಪ್ಪಿಸುವ ಸಂಭವವಿದೆ. ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು ಎಂದು ವೈದ್ಯರಿಂದ ಎರಡು ಸಾಲು ಬರೆಸಿ ತಂದಲ್ಲಿ ಯಜಮಾನರಿಗೂ ಧೈರ್ಯ, ಕಲಾವಿದರಿಗೂ ರಕ್ಷಣೆ.

ಕಾಯಿಲೆಯ ಹೆಸರು, ಕವಾಟ ಅಥವಾ ಪೇಸ್‌ಮೇಕರ್ ವಿವರ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಕೊನೆಯ ಐ.ಎನ್.ಆರ್. ಫಲಿತಾಂಶ, ರಕ್ತದ ಗುಂಪು ಮತ್ತು ಮನೆಯವರ ದೂರವಾಣಿ ಸಂಖ್ಯೆಯನ್ನು ಬರೆದ ಚೀಟಿಯೊಂದನ್ನು ಸಿದ್ಧಪಡಿಸತಕ್ಕದ್ದು. ವೇಷಕ್ಕೆ ಜೇಬಿರುವುದಿಲ್ಲವಾದ್ದರಿಂದ ಅದನ್ನು ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಅಂಟಿಸುವುದು ಅನುಕೂಲ. ಎದೆನೋವು, ಮಲಗಿದರೆ ಹೆಚ್ಚುವ ಉಸಿರುಕಟ್ಟು, ಕೆಮ್ಮಿನೊಡನೆ ರಕ್ತ, ಪ್ರಜ್ಞೆ ತಪ್ಪುವುದು, ಮುಖ ಓರೆಯಾಗುವುದು, ಕೈಕಾಲು ಅಥವಾ ಮಾತಿನಲ್ಲಿ ಹಠಾತ್ ದೌರ್ಬಲ್ಯ ಕಂಡುಬಂದಲ್ಲಿ ಪ್ರದರ್ಶನವನ್ನು ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಏದುಸಿರು ಬಿಡುತ್ತಿರುವವರನ್ನು ಅಂಗಾತ ಮಲಗಿಸದೆ ಒರಗಿಸಿ ಕೂರಿಸಬೇಕು. ಪ್ರಜ್ಞೆ ತಪ್ಪಿದವರನ್ನು ಕೂರಿಸದೆ ಮಲಗಿಸಬೇಕು. ಪ್ರಜ್ಞೆಯೂ ಉಸಿರಾಟವೂ ಇಲ್ಲದಿದ್ದಲ್ಲಿ ಅಂಬುಲೆನ್ಸ್ ಬರುವವರೆಗೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಕಿರೀಟ, ಎದೆಕಟ್ಟು, ಸೊಂಟದ ಪಟ್ಟಿಗಳ ಗಂಟು ಬಿಚ್ಚಲು ಕಾಯದೆ ಕತ್ತರಿಸಿ ತೆಗೆಯಬೇಕು. ಇದಕ್ಕಾಗಿ ಒಂದು ಕತ್ತರಿ ಚೌಕಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರತಕ್ಕದ್ದು. ಬಣ್ಣದ ಪೆಟ್ಟಿಗೆಯ ಚೀಟಿಯನ್ನು ರೋಗಿಯ ಜೊತೆಯಲ್ಲಿಯೇ ಅಂಬುಲೆನ್ಸ್ ಸಿಬ್ಬಂದಿಗೆ ನೀಡಬೇಕು.